ಗಂಟಲುನೋವು: ವೈರಸ್ಸೋ, ಬ್ಯಾಕ್ಟೀರಿಯವೋ?

ಜೂನ್ ತಿಂಗಳಲ್ಲಿ ಮಳೆ ಹಿಡಿಯುವುದಕ್ಕೂ ಶಾಲಾ ಕಾಲೇಜುಗಳ ಪಾಠಗಳು ಮೊದಲಾಗುವುದಕ್ಕೂ ಸರಿಹೋಗುತ್ತದೆ. ಅಂಬಲಪಾಡಿಯಿಂದ ಉಡುಪಿ, ಮಣಿಪಾಲಗಳಿಗೆ ಹೋಗುವ ಬಸ್ಸುಗಳ ಕಿಟಕಿಗಳೆಲ್ಲ ಆಗ ಮುಚ್ಚಿರುತ್ತವೆ; ಒಬ್ಬನ ಸೀನು ಹತ್ತು ಮಂದಿಯ ಪಾಲಾಗುತ್ತದೆ. ಹೀಗೆ ಬಂದ ಗಂಟಲುನೋವಿಗೆ ನಮ್ಮಲ್ಲಿ ಅನೇಕರು ಅಂಗಡಿಯಿಂದ ಮಾತ್ರೆ ತಂದು ನುಂಗುವುದುಂಟು. ಆದರೆ ನೋವಿಗೆ ಕಾರಣವಾದ ಜೀವಾಣು ಯಾವುದೆಂಬುದನ್ನು ಮೊದಲು ವಿಚಾರಿಸಬೇಕು.

ಮೂಗು, ಅದರ ಸುತ್ತಣ ಎಲುಬಿನೊಳಗಿನ ಸೈನಸ್ ಪೊಟರೆಗಳು, ಗಂಟಲು, ಧ್ವನಿಪೆಟ್ಟಿಗೆ ಇವೆಲ್ಲ ಸೇರಿ ಮೇಲಣ ಶ್ವಾಸಮಾರ್ಗವೆನಿಸುತ್ತವೆ. ಇಲ್ಲಿ ತಲೆದೋರುವ ಸೋಂಕುಗಳಲ್ಲಿ ಹೆಚ್ಚಿನವು ವೈರಸ್ಸುಗಳಿಂದ ಬಂದವು. ಪೆನಿಸಿಲಿನ್ ಬ್ಯಾಕ್ಟೀರಿಯದ ಕೋಶಭಿತ್ತಿಯ ರಚನೆಯನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ. ವೈರಸ್ಸಿಗೆ ಕೋಶಭಿತ್ತಿಯೇ ಇಲ್ಲವಾದುದರಿಂದ ಅದರೆದುರು ಪೆನಿಸಿಲಿನ್ ನಿಷ್ಫಲ. ಅಷ್ಟೇ ಅಲ್ಲ, ಬೇಡದಿದ್ದಾಗ ಸೇವಿಸಿದ ಇಂಥ ಔಷಧಗಳಿಂದ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಪ್ರಬಲವಾಗುತ್ತವೆ.

ಇವೆರಡನ್ನು ಬೇರ್ಪಡಿಸುವ ಗುರುತುಗಳಾವುವು? ಮೂಗು ಸುರಿಯುವುದು, ಕೆಮ್ಮು, ಸ್ವರ ಒಡೆಯುವುದು, ಕಣ್ಣು ಕೆಂಪೇರುವುದು ಇವು ಸಾಮಾನ್ಯವಾಗಿ ವೈರಸ್ಸಿನ ಲಕ್ಷಣಗಳು. ಬ್ಯಾಕ್ಟೀರಿಯಗಳ ಪೈಕಿ ಗಂಟಲಿನ ಮುಖ್ಯ ವೈರಿ ಸ್ಟ್ರೆಪ್ಟೊಕಾಕಸ್. ಅದಕ್ಕೆ ನಾಲ್ಕು ಗುರುತುಗಳನ್ನು ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು 1981ರಲ್ಲಿ, ವಯಸ್ಕರನ್ನು ಪರೀಕ್ಷಿಸಿ, ಒಟ್ಟುಗೂಡಿಸಿದರು: ಜ್ವರ, ಟಾನ್ಸಿಲಿನ ಮೇಲೆ ಕೀವು, ಕತ್ತಿನ ಮುಂಭಾಗದ ದುಗ್ಧಗ್ರಂಥಿಗಳು ಊದಿ ನೋಯುವುದು, ಕೆಮ್ಮು ಇಲ್ಲದಿರುವುದು. ನಾಲ್ಕೂ ಕೂಡಿದರೂ ಸಂಶಯ ಪೂರ್ತಿಯಾಗಿ ನೀಗದು. ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು, ರಕ್ತ ಬೆರೆಸಿದ ಅಗಾರ್ ತಟ್ಟೆಯಲ್ಲಿ ಒಂದೆರಡು ದಿನ ಬೆಳೆಸಿದರೆ, ಈ ಬ್ಯಾಕ್ಟೀರಿಯ ಸುತ್ತಣ ರಕ್ತಕಣಗಳನ್ನು ಕರಗಿಸಿ ತಿಳಿಯಾದ ಬಳೆಯನ್ನು ಮೂಡಿಸುತ್ತದೆ. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿತವಾದಂದಿನಿಂದ ಅಂಬಲಪಾಡಿಯವರಿಗೆ ಇಂಥ ವಿದ್ಯೆ ದೂರದ್ದಾಗಿ ಉಳಿದಿಲ್ಲ.

ಸಿಂಬಳ ಹಸುರಾದರೆ ಬ್ಯಾಕ್ಟೀರಿಯವೇ ಎಂಬ ನಂಬಿಕೆ ಸರಿಯಲ್ಲ. ಆ ಬಣ್ಣ ನಮ್ಮದೇ ಬಿಳಿಯ ರಕ್ತಕಣಗಳ ಕಿಣ್ವದಿಂದ ಬಂದುದು. ನೆಗಡಿ 10 ದಿನವಾದರೂ ಕಡಮೆಯಾಗದಿದ್ದರೆ, ಇಲ್ಲವೆ ಗುಣಮುಖವಾಗುತ್ತಿದ್ದಂತೆ ಮತ್ತೆ ಜ್ವರವೇರಿದರೆ, ಆಗ ಸೈನಸ್‌ಗಳಲ್ಲಿ ಬ್ಯಾಕ್ಟೀರಿಯ ಸೇರಿದೆಯೆಂದು ಶಂಕಿಸಬೇಕು.

ಇಷ್ಟು ವಿವೇಚನೆ ಏತಕ್ಕೆ? ಸ್ಟ್ರೆಪ್ಟೊಕಾಕಸ್ ಸೋಂಕು 5ರಿಂದ 15 ವರ್ಷದವರಲ್ಲಿ ಹೆಚ್ಚು. ಗಂಟಲುನೋವು ತಾನಾಗಿ ಮಾಯವಾದರೂ, ಎರಡು ಮೂರು ವಾರಗಳ ಮೇಲೆ ಕೆಲವರಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಬ್ಯಾಕ್ಟೀರಿಯದ ಮೇಲೆ ಹೂಡಿದ ಯುದ್ಧದಲ್ಲಿ ದೇಹವು ಪರರಾರು, ತಾನಾರು ಎಂದರಿಯದೆ ಹೃದಯದ ಕವಾಟಗಳನ್ನೇ ಗಾಸಿಗೊಳಿಸುತ್ತದೆ. ನೋವು ತೊಡಗಿದ 9 ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೆ ಈ ಅನರ್ಥವನ್ನು ತಡೆಯಬಹುದು. ಎರಡನೆಯ ದಿನಕ್ಕೇ ನೋವು ಇಳಿದರೂ ವೈದ್ಯರು ವಿಧಿಸಿದ ಅವಧಿಯನ್ನು ಪೂರೈಸಲೇಬೇಕು.

ಗಂಟಲಮಾರಿ, ಎಂದರೆ ಡಿಫ್ತೀರಿಯ, ಇನ್ನೂ ಕ್ರೂರವಾದುದು. ಟಾನ್ಸಿಲನ್ನು ಬೂದುಬಣ್ಣದ ಪೊರೆ ಕವಿಯುತ್ತದೆ. ಕೆರೆದರೆ ರಕ್ತ ಒಸರುತ್ತದೆ. ಅದನ್ನು ಮನೆಯಲ್ಲಿ ಕೆರೆಯಲೇಬಾರದು. ಇದರ ವಿಷ ಹೃದಯವನ್ನೂ ನರಗಳನ್ನೂ ತಾಕುವುದರಿಂದ, ಪರೀಕ್ಷೆಯ ಫಲಕ್ಕೆ ಕಾಯದೆ ಪ್ರತಿವಿಷ ಕೊಡಬೇಕಾಗುತ್ತದೆ. ಶೈಶವದ ಚುಚ್ಚುಮದ್ದುಗಳಲ್ಲದೆ 10 ಮತ್ತು 16ನೆಯ ವಯಸ್ಸಿನವೂ ತಮಗೆ ಆಗಿವೆಯೇ ಎಂದು ವಿದ್ಯಾರ್ಥಿಗಳು ವಿಚಾರಿಸಿಕೊಳ್ಳಲಿ.

ಸಾಧಾರಣ ನೆಗಡಿಗೆ ವಿಶ್ರಾಂತಿ, ಬಿಸಿ ಗಂಜಿ, ಉಪ್ಪುನೀರಿನ ಮುಕ್ಕಳಿಕೆ ಸಾಕು. ಉಗುಳು ನುಂಗಲಾಗದಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಾಟ ಕಷ್ಟವಾದರೆ, ಮಳೆಯೆಂದು ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.