ಕೋಳಿ ಆಹಾರದಲ್ಲಿ ಎಣ್ಣೆ ಗಿರಣಿಯ ಹಿಂಡಿ: ಬಳಕೆಯ ಕ್ರಮ, ಎಚ್ಚರಿಕೆ ಮತ್ತು ಗ್ರಾಮ ಪಂಚಾಯತಿಯ ಪಾತ್ರ

ಕೋಳಿ ಸಾಕಣೆಯ ಒಟ್ಟು ವೆಚ್ಚದಲ್ಲಿ ಶೇ. 60ರಿಂದ 70ರಷ್ಟು ಭಾಗ ಆಹಾರಕ್ಕೇ ತಗಲುತ್ತದೆ. ಶಕ್ತಿಗಾಗಿ ಮುಸುಕಿನ ಜೋಳವನ್ನೂ ಪ್ರೋಟೀನಿಗಾಗಿ ಸೋಯಾ ಹಿಂಡಿಯನ್ನೂ ಬಳಸುವುದು ರೂಢಿ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ತೀವ್ರವಾಗಿ ಏರಿದಾಗ ಕೇಂದ್ರ ಸರ್ಕಾರವು 12 ಲಕ್ಷ ಟನ್ ಆಮದಿಗೆ ಅನುಮತಿ ನೀಡಬೇಕಾಯಿತು. ಇಂತಹ ಏರಿಳಿತದ ಹೊರೆಯನ್ನು ದೊಡ್ಡ ಫಾರಂಗಳು ದಾಸ್ತಾನು ಮಾಡಿಕೊಂಡು ತಾಳಿಕೊಳ್ಳಬಲ್ಲವು. ಐವತ್ತು, ನೂರು ಗಿರಿರಾಜ ಅಥವಾ ಸ್ವರ್ಣಧಾರಾ ಕೋಳಿಗಳನ್ನು ಸಾಕುವ ಕುಟುಂಬಗಳಿಗೂ ಸ್ವಸಹಾಯ ಸಂಘಗಳ ಮಹಿಳೆಯರಿಗೂ ಆ ಶಕ್ತಿ ಇರುವುದಿಲ್ಲ. ಊರಿನ ಸಮೀಪದ ಎಣ್ಣೆ ಗಿರಣಿ, ಗಾಣ ಮತ್ತು ಅಕ್ಕಿ ಗಿರಣಿಗಳಲ್ಲಿ ದೊರೆಯುವ ಉಪ ಉತ್ಪನ್ನಗಳನ್ನು ಕ್ರಮವರಿತು ಬಳಸಿದರೆ ಈ ಅವಲಂಬನೆಯನ್ನು ತಗ್ಗಿಸಬಹುದು. ಕ್ರಮ ತಪ್ಪಿದರೆ ಅದೇ ಹಿಂಡಿ ಕೋಳಿಗಳ ಪಾಲಿಗೆ ವಿಷವಾಗಬಹುದು. ಈ ಎರಡೂ ಅಂಶಗಳು ಸದಸ್ಯರಿಗೆ ತಿಳಿದಿರುವುದು ಅಗತ್ಯ.

ಲಭ್ಯವಿರುವ ಉಪ ಉತ್ಪನ್ನಗಳು

ಶೇಂಗಾ ಹಿಂಡಿ: ಚಳ್ಳಕೆರೆಯಂತಹ ಎಣ್ಣೆ ಗಿರಣಿಗಳ ಕೇಂದ್ರಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಇದರಲ್ಲಿ ಶೇ. 40ರಿಂದ 45ರಷ್ಟು ಪ್ರೋಟೀನ್ ಇದ್ದು, ಪ್ರಮಾಣದಲ್ಲಿ ಸೋಯಾ ಹಿಂಡಿಗೆ ಸಮೀಪದಲ್ಲಿದೆ. ಆದರೆ ಕೋಳಿಗೆ ಅತ್ಯಗತ್ಯವಾದ ಲೈಸಿನ್ ಮತ್ತು ಮಿಥಿಯೋನಿನ್ ಎಂಬ ಅಮೈನೋ ಆಮ್ಲಗಳು ಇದರಲ್ಲಿ ಕಡಿಮೆ.

ಸೂರ್ಯಕಾಂತಿ ಹಿಂಡಿ: ಪ್ರೋಟೀನ್ ಸುಮಾರು ಶೇ. 30. ಮಿಥಿಯೋನಿನ್ ಚೆನ್ನಾಗಿದೆ, ಲೈಸಿನ್ ಕಡಿಮೆ. ಸಿಪ್ಪೆಯ ನಾರು ಹೆಚ್ಚಿರುವುದರಿಂದ ಮರಿಗಳಿಗೆ ಅಷ್ಟಾಗಿ ಒಗ್ಗದು; ಬೆಳೆದ ಕೋಳಿಗಳಿಗೆ ಸೂಕ್ತ.

ಎಳ್ಳು ಹಿಂಡಿ: ಮಿಥಿಯೋನಿನ್ ಸಮೃದ್ಧವಾಗಿರುವುದರಿಂದ ಶೇಂಗಾ ಹಿಂಡಿಯ ಕೊರತೆಯನ್ನು ಭಾಗಶಃ ತುಂಬುತ್ತದೆ. ಸುಣ್ಣದ ಅಂಶ ಮೈಗೆ ಹತ್ತದಂತೆ ತಡೆಯುವ ಗುಣವೂ ಇದಕ್ಕಿರುವುದರಿಂದ ಅಲ್ಪ ಪ್ರಮಾಣ ಸಾಕು.

ಹತ್ತಿಕಾಳು ಹಿಂಡಿ: ಗಾಸಿಪಾಲ್ ಎಂಬ ವಿಷಕಾರಿ ಅಂಶವಿರುತ್ತದೆ. ಮೊಟ್ಟೆಯನ್ನು ಸಂಗ್ರಹಿಸಿಟ್ಟಾಗ ಹಳದಿ ಭಾಗವು ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ. ಮೊಟ್ಟೆ ಕೋಳಿಗಳಿಗೆ ಇದನ್ನು ಬಳಸದಿರುವುದು ಲೇಸು.

ಅಕ್ಕಿ ತೌಡು: ಎಣ್ಣೆ ತೆಗೆದ ತೌಡಿನಲ್ಲಿ ಪ್ರೋಟೀನ್ ಸುಮಾರು ಶೇ. 14. ಎಣ್ಣೆ ತೆಗೆಯದ ತೌಡು ಕೆಲವೇ ದಿನಗಳಲ್ಲಿ ಕಮಟು ಹಿಡಿಯುವುದರಿಂದ ಹೊಸದನ್ನಷ್ಟೇ ಬಳಸಬೇಕು.

ಹರಳು ಹಿಂಡಿ, ಹೊಂಗೆ ಹಿಂಡಿ ಮತ್ತು ಬೇವಿನ ಹಿಂಡಿಗಳು ಹೊಲದ ಗೊಬ್ಬರಕ್ಕೆ ಮಾತ್ರ ಯೋಗ್ಯ. ಹರಳು ಹಿಂಡಿಯಲ್ಲಿರುವ ರೈಸಿನ್ ಮಾರಕ ವಿಷ. ಒಂದೇ ಗಿರಣಿಯಲ್ಲಿ ಇವೆಲ್ಲವೂ ದೊರೆಯುವುದುಂಟು. ಆದ್ದರಿಂದ ಚೀಲಗಳು ಅದಲು ಬದಲಾಗದಂತೆ ನೋಡಿಕೊಳ್ಳುವುದು ಕಡ್ಡಾಯ.

ಬೆಲೆಯ ಲೆಕ್ಕ

ಹಿಂಡಿಯನ್ನು ತೂಕದ ದರದಿಂದ ಹೋಲಿಸುವುದು ಸರಿಯಲ್ಲ. ಅದರಲ್ಲಿರುವ ಪ್ರೋಟೀನಿನ ದರದಿಂದ ಹೋಲಿಸಬೇಕು. ಶೇ. 45 ಪ್ರೋಟೀನ್ ಇರುವ ಹಿಂಡಿಗೆ ಕಿಲೋಗೆ 45 ರೂಪಾಯಿ ಎಂದು ಭಾವಿಸಿದರೆ ಒಂದು ಕಿಲೋ ಪ್ರೋಟೀನಿಗೆ 100 ರೂಪಾಯಿ ಆಗುತ್ತದೆ. ಶೇ. 30 ಪ್ರೋಟೀನ್ ಇರುವ ಹಿಂಡಿಗೆ ಕಿಲೋಗೆ 36 ರೂಪಾಯಿ ಎಂದಾದರೆ ಒಂದು ಕಿಲೋ ಪ್ರೋಟೀನಿಗೆ 120 ರೂಪಾಯಿ ಬೀಳುತ್ತದೆ. ಅಗ್ಗವೆಂದು ಕಂಡದ್ದು ಇಲ್ಲಿ ದುಬಾರಿಯಾಗಿದೆ.

ಮಿಶ್ರಣದ ಮಾದರಿ

ಯಾವುದೇ ಒಂದು ಹಿಂಡಿಯನ್ನೇ ನೆಚ್ಚಿಕೊಳ್ಳದೆ ಎರಡು ಮೂರನ್ನು ಬೆರೆಸಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ. ಮೊಟ್ಟೆ ಇಡುವ ಹಿತ್ತಲ ಕೋಳಿಗಳಿಗೆ 100 ಕಿಲೋ ಮಿಶ್ರಣದ ಒಂದು ಮಾದರಿ ಹೀಗಿದೆ: ಮುಸುಕಿನ ಜೋಳ 50 ಕಿಲೋ, ಎಣ್ಣೆ ತೆಗೆದ ಅಕ್ಕಿ ತೌಡು 16, ಶೇಂಗಾ ಹಿಂಡಿ 10, ಸೋಯಾ ಹಿಂಡಿ 9, ಸೂರ್ಯಕಾಂತಿ ಹಿಂಡಿ 6, ಕಪ್ಪೆಚಿಪ್ಪಿನ ಪುಡಿ 7, ಖನಿಜ ಮಿಶ್ರಣ ಮತ್ತು ಉಪ್ಪು 2 ಕಿಲೋ. ಇದರಲ್ಲಿ ಪ್ರೋಟೀನ್ ಶೇ. 16ರಿಂದ 17ರಷ್ಟಿರುತ್ತದೆ. ಸೋಯಾ ಹಿಂಡಿಯನ್ನು ಪೂರ್ಣವಾಗಿ ಕೈಬಿಟ್ಟರೆ ಲೈಸಿನ್ ಕೊರತೆಯಿಂದ ಮೊಟ್ಟೆಯ ಸಂಖ್ಯೆ ಕುಸಿಯಬಹುದು. ಹಸಿ ಸೋಯಾ ಕಾಳನ್ನು ಹಾಗೆಯೇ ಪುಡಿ ಮಾಡಿ ಹಾಕಬಾರದು. ಅದರಲ್ಲಿ ಜೀರ್ಣಕ್ರಿಯೆಗೆ ಅಡ್ಡಿಯಾಗುವ ಅಂಶವಿದ್ದು, ಬಿಸಿ ಮಾಡಿದಾಗ ಮಾತ್ರ ಅದು ನಾಶವಾಗುತ್ತದೆ. ಸ್ಥಳೀಯ ಹಿಂಡಿಯ ಗುಣಮಟ್ಟಕ್ಕೆ ತಕ್ಕಂತೆ ಅಂತಿಮ ಪ್ರಮಾಣವನ್ನು ಪಶುವೈದ್ಯಾಧಿಕಾರಿಗಳಿಂದ ನಿಗದಿಪಡಿಸಿಕೊಳ್ಳಬೇಕು.

ಬೂಷ್ಟು: ಮುಖ್ಯ ಅಪಾಯ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ಹುಡುಕಿದಾಗ ದೊರೆತದ್ದು ಆಹಾರದಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಪರಿಚಯವಾದದ್ದು ಈ ಘಟನೆಯಿಂದಲೇ. ಇದು ಕೋಳಿಯ ಯಕೃತ್ತನ್ನು ಕೆಡಿಸುತ್ತದೆ, ಮೊಟ್ಟೆ ಇಳಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಲಸಿಕೆಯ ಫಲವನ್ನೂ ತಗ್ಗಿಸುತ್ತದೆ. ಲಸಿಕೆ ಹಾಕಿಸಿದ್ದರೂ ಕೋಳಿಗಳು ಸಾಯುತ್ತಿದ್ದರೆ ಆಹಾರವನ್ನೂ ಪರೀಕ್ಷಿಸಬೇಕು.

ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದು. ಬಿಸಿಲಿಗೆ ಹರಡುವುದರಿಂದಾಗಲಿ ಬೇಯಿಸುವುದರಿಂದಾಗಲಿ ಅದು ಪೂರ್ತಿ ಹೋಗುವುದಿಲ್ಲ. ಕೋಳಿಗೆ ಬೇಡವಾದ ಇಂತಹ ಹಿಂಡಿಯನ್ನು ಹಸುವಿಗೆ ಹಾಕುವ ರೂಢಿಯೂ ಅಪಾಯಕಾರಿ. ವಿಷವು ಹಾಲಿನ ಮೂಲಕ ಮಕ್ಕಳನ್ನು ತಲುಪುತ್ತದೆ.

ತಡೆಯುವ ಕೆಲಸ ಹೊಲದಿಂದಲೇ ಆರಂಭವಾಗಬೇಕು. ಕಿತ್ತ ಶೇಂಗಾವನ್ನು ತೇವಾಂಶ ಶೇ. 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಒಡೆದ, ಹುಳು ತಿಂದ ಮತ್ತು ಬೂಷ್ಟು ಹಿಡಿದ ಕಾಯಿಗಳನ್ನು ಗಿರಣಿಗೆ ಹೋಗುವ ಮೊದಲೇ ಬೇರ್ಪಡಿಸಬೇಕು. ಹಿಂಡಿಯ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಗಳ ಮೇಲೆ ಇಡಬೇಕು. ಗಾಣದ ಹಿಂಡಿಯಲ್ಲಿ ಎಣ್ಣೆಯಂಶ ಹೆಚ್ಚಾಗಿ ಉಳಿಯುವುದರಿಂದ ಬೇಗ ಕಮಟುತ್ತದೆ. ಮಳೆಗಾಲದಲ್ಲಿ ಕೆಲವೇ ವಾರಗಳಿಗೆ ಬೇಕಾದಷ್ಟನ್ನು ಮಾತ್ರ ಕೊಳ್ಳುವುದು ಒಳಿತು.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನುಸೂಚಿಯಂತೆ ಕೋಳಿ ಸಾಕಣೆಗೆ ಉತ್ತೇಜನ ನೀಡುವುದು ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಒಂದು. ಅದರಂತೆ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಪರಿಗಣಿಸಬಹುದು:

1. ವ್ಯಾಪ್ತಿಯೊಳಗಿನ ಹಾಗೂ ನೆರೆಯ ಗಿರಣಿ, ಗಾಣಗಳಲ್ಲಿ ಯಾವ ಹಿಂಡಿ, ಯಾವ ತಿಂಗಳಲ್ಲಿ, ಯಾವ ದರಕ್ಕೆ ದೊರೆಯುತ್ತದೆ ಎಂಬ ಪಟ್ಟಿಯನ್ನು ಸಿದ್ಧಪಡಿಸಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

2. ಸಂಜೀವಿನಿ ಒಕ್ಕೂಟದ ಮೂಲಕ ಒಟ್ಟಾಗಿ ಖರೀದಿಸಿ, ಒಂದೇ ಕಡೆ ಮಿಶ್ರಣ ಮಾಡಿ ಹಂಚಿಕೊಳ್ಳಲು ಮಹಿಳಾ ಸಂಘಗಳನ್ನು ಪ್ರೇರೇಪಿಸುವುದು.

3. ಒಟ್ಟಾಗಿ ಕೊಂಡ ಪ್ರತಿ ದಾಸ್ತಾನಿನ ಮಾದರಿಯನ್ನು ಬಳಕೆಗೆ ಮೊದಲು ಪಶುವೈದ್ಯಾಧಿಕಾರಿಗಳ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸುವುದು. ಹಲವು ಚೀಲಗಳ ಬೇರೆ ಬೇರೆ ಭಾಗಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿದ ಮಾದರಿಯೇ ನಂಬಲರ್ಹ; ವಿಷವು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ.

4. ಸುಗ್ಗಿಯ ವೇಳೆ ಒಕ್ಕಣೆ ಕಣ ಮತ್ತು ಟಾರ್ಪಾಲಿನ್ ಸಣ್ಣ ರೈತರಿಗೂ ಸಿಗುವಂತೆ ನೋಡಿಕೊಳ್ಳುವುದು.

5. ಗ್ರಾಮ ಸಭೆಯಲ್ಲಿ ಬೂಷ್ಟು ಹಿಡಿದ ಹಿಂಡಿಯ ಅಪಾಯವನ್ನು ಪಶುವೈದ್ಯಾಧಿಕಾರಿಗಳಿಂದ ವಿವರಿಸುವುದು.

ಹಿಂಡಿಯನ್ನು ಒಣಗಿಸಿಡಲು ಮತ್ತು ಪರೀಕ್ಷಿಸಲು ತಗಲುವ ವೆಚ್ಚ ಅಲ್ಪ. ಅದನ್ನು ಉಳಿಸಲು ಹೋದರೆ ಒಂದು ಕುಟುಂಬದ ಇಡೀ ಹಿಂಡು ನಷ್ಟವಾಗಬಹುದು ಎಂಬುದನ್ನು ಸಾಕಣೆದಾರರಿಗೆ ಮನವರಿಕೆ ಮಾಡಿಕೊಡುವುದು ಸದಸ್ಯರ ಹೊಣೆಯಾಗಿರುತ್ತದೆ.