ಲೋಕಸೇವೆಗಳ ಒಡೆತನ ಮತ್ತು ಹೊಣೆ

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ನಿಂತು ನೋಡಿದರೆ ಹೊಳೆಯು ಯಾರೊಬ್ಬರ ಸ್ವತ್ತೂ ಅಲ್ಲವೆಂಬುದು ಕಣ್ಣಿಗೆ ಕಾಣುವ ಸತ್ಯ. ಆದರೆ ಹೊಳೆಯ ನೀರು ಶುದ್ಧವಾಗಿ ಮನೆಯ ನಳಕ್ಕೆ ಬರಬೇಕಾದರೆ ಯಂತ್ರ, ಕೊಳವೆ, ವಿದ್ಯುತ್ತು, ದುಡಿಯುವ ಕೈ, ಬರೆದಿಡುವ ಲೆಕ್ಕ ಇಷ್ಟೂ ಬೇಕು. ಇವಕ್ಕೆ ಒಡೆಯನೊಬ್ಬನು ಬೇಕೇ ಬೇಕು. ಆ ಒಡೆತನವು ಸರಕಾರದ್ದಾಗಿರಬೇಕೋ, ಲಾಭಾಪೇಕ್ಷೆಯಿಂದ ಬಂಡವಾಳ ಹೂಡುವ ಖಾಸಗಿಯವರದಾಗಿರಬೇಕೋ ಎಂಬ ವಾದವು ಲೋಕದ ಎಲ್ಲ ದೇಶಗಳಲ್ಲಿಯೂ ನಡೆದಿದೆ. ಅದು ಕೇವಲ ಅರ್ಥಶಾಸ್ತ್ರಜ್ಞರ ವಾದವಲ್ಲ. ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ತಾಯಿಯ ಪಾಲಿಗೂ ಅದು ನಿತ್ಯದ ಪ್ರಶ್ನೆಯೇ.

ನೀರು, ಬೆಳಕು, ಸಾರಿಗೆಗಳನ್ನು ಇತರ ಸರಕುಗಳಿಂದ ಪ್ರತ್ಯೇಕಿಸಿ ನೋಡಲು ಎರಡು ಕಾರಣಗಳಿವೆ. ಮೊದಲನೆಯದು, ಇವಿಲ್ಲದೆ ಬಾಳು ಸಾಗದು. ಅರಿವೆಯ ಬೆಲೆ ಏರಿದರೆ ಕೊಳ್ಳುವುದನ್ನು ಮುಂದಿನ ಹಬ್ಬಕ್ಕೆ ತಳ್ಳಬಹುದು. ಬಾಯಾರಿಕೆಯನ್ನು ಮುಂದಕ್ಕೆ ತಳ್ಳಲಾಗದು. ಎರಡನೆಯದು, ಇಲ್ಲಿ ಪೈಪೋಟಿಗೆ ಎಡೆ ಕಡಿಮೆ. ಪೇಟೆಯಲ್ಲಿ ಒಂದು ಅಂಗಡಿಯ ಬೆಲೆ ಸರಿಬಾರದಿದ್ದರೆ ಗಿರಾಕಿಯು ಇನ್ನೊಂದಕ್ಕೆ ಹೋದಾನು. ಒಂದೇ ಓಣಿಯಲ್ಲಿ ಎರಡು ಕಂಪನಿಗಳ ನೀರಿನ ಕೊಳವೆಗಳನ್ನು ಹೂಳುವುದು ಹುಚ್ಚು ವೆಚ್ಚವಾದೀತು. ಆದಕಾರಣ ಕೊಳವೆ ಯಾರ ಕೈಯಲ್ಲಿದೆಯೋ ಅವರ ಮಾತೇ ನಡೆಯುತ್ತದೆ. ಒಡೆತನದ ಪ್ರಶ್ನೆಗೆ ತೂಕ ಬಂದಿರುವುದು ಇದರಿಂದಲೇ.

ಪ್ರಾಚೀನ ಕರ್ನಾಟಕವು ಈ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಎದುರಿಸಿತ್ತು. ಹೊಳೆಮಣ್ಣೂರಿನ ಸೀಮೆಯಲ್ಲಿಯೇ ಇರುವ ಸೂಡಿಯ ನಾಗಕುಂಡವು ಕಲ್ಯಾಣದ ಚಾಲುಕ್ಯರ ಕಾಲದ ನೀರಿನ ನೆಲೆ. ಅರಸರು, ದಂಡನಾಯಕರು, ಮಹಾಜನರು, ವರ್ತಕರು ಕೆರೆ ಬಾವಿಗಳನ್ನು ಕಟ್ಟಿಸಿದ ಸಂಗತಿಗಳು ಶಾಸನಗಳಲ್ಲಿ ಹೇರಳವಾಗಿವೆ. ಅಲ್ಲಿ ಬರುವ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಶಬ್ದಗಳು ವಿಚಾರಾರ್ಹ. ಕೆರೆಯನ್ನು ಕಟ್ಟಿದವರಿಗೆ, ಅದನ್ನು ಕಾಪಾಡುವವರಿಗೆ ಬಿಟ್ಟುಕೊಟ್ಟ ಭೂಮಿಯ ಅಥವಾ ಆದಾಯದ ಪಾಲನ್ನು ಇವು ಸೂಚಿಸುತ್ತವೆ. ಕಟ್ಟುವುದರಿಂದಲೇ ಧರ್ಮ ಮುಗಿಯದು. ಹೂಳೆತ್ತುವವನಿಗೂ ಅನ್ನದ ದಾರಿ ಮಾಡಿಡಬೇಕೆಂಬ ವಿವೇಕವು ಆ ಶಬ್ದಗಳಲ್ಲಡಗಿದೆ.

ಆಧುನಿಕ ಕಾಲದಲ್ಲಿ ಎರಡು ಮಾದರಿಗಳೂ ಕನ್ನಡ ನಾಡಿನಲ್ಲಿ ಹೆಚ್ಚುಕಡಿಮೆ ಜೊತೆಯಾಗಿಯೇ ಹುಟ್ಟಿದವು. ಗೋಕಾಕ ಜಲಪಾತದ ಬಲವನ್ನು 19ನೆಯ ಶತಮಾನದ ಕೊನೆಯಲ್ಲಿ ಖಾಸಗಿ ಹತ್ತಿಗಿರಣಿಯೊಂದು ತನ್ನ ಯಂತ್ರಗಳಿಗೆ ಬಳಸಿಕೊಂಡಿತು. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ವಿದ್ಯುದಾಗಾರವನ್ನು ಸ್ಥಾಪಿಸಿ ಮೊದಲು ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತನ್ನು ಒದಗಿಸಿತು. ಗಿರಣಿಯ ಶಕ್ತಿ ಗಿರಣಿಯಲ್ಲಿಯೇ ಉಳಿಯಿತು. ಸಂಸ್ಥಾನದ ಶಕ್ತಿ ಬೀದಿಯ ದೀಪವಾಯಿತು. ಆದರೆ ಸರಕಾರಿ ವಿದ್ಯುತ್ತಿನ ಮೊದಲ ಗಿರಾಕಿ ಖಾಸಗಿ ಗಣಿ ಕಂಪನಿಯೇ ಆಗಿತ್ತೆಂಬುದನ್ನೂ ಮರೆಯಲಾಗದು.

ಏಕೀಕರಣದ ತರುವಾಯ 1957ರಲ್ಲಿ ವಿದ್ಯುತ್ ಮಂಡಳಿ ಏರ್ಪಟ್ಟಿತು. 1999ರ ಸುಧಾರಣಾ ಕಾಯಿದೆಯಿಂದ ಮಂಡಳಿಯು ನಿಗಮವಾಯಿತು. ದರವನ್ನು ನಿರ್ಣಯಿಸಲು ಪ್ರತ್ಯೇಕ ಆಯೋಗವು ಬಂದಿತು. 2002ರಲ್ಲಿ ವಿತರಣೆಯನ್ನು ಬೇರ್ಪಡಿಸಿದಾಗ ಈ ಭಾಗವು ಹುಬ್ಬಳ್ಳಿಯ ಹೆಸ್ಕಾಂಗೆ ಸೇರಿತು. ಹೆಸರಿನಲ್ಲಿ ಇದು ಕಂಪನಿ, ಒಡೆತನದಲ್ಲಿ ಸರಕಾರದ್ದು. ರೂಪ ಬದಲಾದೊಡನೆ ಒಡೆತನವೂ ಬದಲಾಗುತ್ತದೆಂಬ ಭ್ರಮೆ ಸಲ್ಲದು.

ಸಾರ್ವಜನಿಕ ಒಡೆತನದ ದೊಡ್ಡ ಗುಣವೆಂದರೆ ಲಾಭವಿಲ್ಲದ ದಾರಿಯಲ್ಲಿಯೂ ಅದು ನಡೆಯಬಲ್ಲದು. ಕೆಂಪು ಬಸ್ಸು ಒಂದು ಮಾರ್ಗದ ಗಳಿಕೆಯಿಂದ ಇನ್ನೊಂದು ಮಾರ್ಗದ ನಷ್ಟವನ್ನು ತುಂಬಿಕೊಂಡು ಸಣ್ಣ ಹಳ್ಳಿಗೂ ಹೋಗುತ್ತದೆ. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪನೆಯಾಯಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವು ಆರಂಭವಾದುದು ಸರಕಾರಿ ಬಸ್ಸುಗಳಲ್ಲಿ. ಆದರೆ ಸರಕಾರವು ಉಚಿತವೆಂದು ಘೋಷಿಸಿದ್ದರ ಹಣವನ್ನು ಸಕಾಲದಲ್ಲಿ ತುಂಬಿಕೊಡದಿದ್ದರೆ ಸಂಸ್ಥೆ ಸೊರಗುತ್ತದೆ. ಹಳೆಯ ಬಸ್ಸು ದಾರಿಯಲ್ಲಿ ನಿಲ್ಲುತ್ತದೆ. ಆಗ ಮೊದಲು ಕಷ್ಟಕ್ಕೊಳಗಾಗುವವನು ಬೇರೆ ವಾಹನವಿಲ್ಲದ ಬಡವನೇ.

ಸರಕಾರದ್ದೆಂದ ಮಾತ್ರಕ್ಕೆ ಎಲ್ಲವೂ ಜನಹಿತವಾಗದೆಂಬುದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. ಮಲಪ್ರಭಾ ಅಣೆಕಟ್ಟು, ಕಾಲುವೆ ಎರಡೂ ಸರಕಾರದವು. ಹೊಲಕ್ಕೆ ನೀರು ಸರಿಯಾಗಿ ತಲುಪದಿದ್ದರೂ ಅಭಿವೃದ್ಧಿ ಕರದ ಬೇಡಿಕೆ ತಲುಪಿತೆಂಬುದು ರೈತರ ಅಳಲಾಗಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಆ ಅಳಲು ಬಂಡಾಯವಾಗಿ ಸ್ಫೋಟಗೊಂಡಿತು. ಗೋಳಿಬಾರಾಗಿ ಜೀವಗಳು ಹೋದವು. ಅಲ್ಲಿ ಖಾಸಗಿ ಒಡೆಯನಿರಲಿಲ್ಲ. ಇದ್ದ ಕೊರತೆಯೆಂದರೆ ಕೇಳುವ ಕಿವಿಯದು.

ಖಾಸಗಿ ನಿರ್ವಹಣೆಯ ಪರವಾಗಿ ವಾದಿಸುವವರು ಹುಬ್ಬಳ್ಳಿ-ಧಾರವಾಡದ ಉದಾಹರಣೆಯನ್ನು ಕೊಡುತ್ತಾರೆ. ಹಲವು ದಿನಗಳಿಗೊಮ್ಮೆ ನೀರು ಕಾಣುತ್ತಿದ್ದ ಈ ಅವಳಿ ನಗರ, ಬೆಳಗಾವಿ ಹಾಗೂ ಕಲಬುರಗಿಗಳ ಆಯ್ದ ವಲಯಗಳಲ್ಲಿ 2008ರಿಂದ ದಿನದ 24 ತಾಸೂ ನೀರು ಹರಿಯಿತು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ನಡೆದ ಈ ಕಾರ್ಯದಲ್ಲಿ ನಿರ್ವಹಣೆಯು ಫ್ರಾನ್ಸ್ ಮೂಲದ ಕಂಪನಿಯದು; ಆಸ್ತಿಯು ಸಾರ್ವಜನಿಕರದಾಗಿಯೇ ಉಳಿಯಿತು. ಸೋರುವ ಹಳೆಯ ಕೊಳವೆಗಳನ್ನು ಬದಲಾಯಿಸಿ, ಮನೆಮನೆಗೆ ಮೀಟರು ಕೂಡಿಸಿದುದೇ ಇದರ ಗುಟ್ಟು. ಆದರೆ ಆ ವಲಯಗಳು ನಗರಗಳ ಚಿಕ್ಕ ಪಾಲು ಮಾತ್ರ. ಹೊಸ ಕೊಳವೆಗೆ ಬಂದ ಹಣವು ಸಾರ್ವಜನಿಕರದೇ ಆಗಿರುವಾಗ ಫಲದ ಕೀರ್ತಿ ಹಣಕ್ಕೆಷ್ಟು, ನಿರ್ವಾಹಕನ ಜಾಣ್ಮೆಗೆಷ್ಟು ಎಂಬುದು ವಿವೇಚಿಸತಕ್ಕ ವಿಷಯ. ಗದಗ ಜಿಲ್ಲೆಯ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯನ್ನೂ ಖಾಸಗಿಯವರು ರೂಪಿಸಿ, ಕಟ್ಟಿ, ಕೆಲಕಾಲ ನಡೆಸಿ, ಬಳಿಕ ಒಪ್ಪಿಸುವ ‘ಡಿಬಿಒಟಿ’ ಪದ್ಧತಿಯಲ್ಲಿ ಕೈಗೊಳ್ಳಲಾಯಿತು. ಇಂತಹ ಒಪ್ಪಂದಗಳ ನಿಜವಾದ ಪರೀಕ್ಷೆ ಉದ್ಘಾಟನೆಯ ದಿನದಂದಲ್ಲ, ಒಪ್ಪಿಸಿಕೊಟ್ಟ ಮರುವರ್ಷದಲ್ಲಿ.

ಲೋಕದ ಅನುಭವವೂ ಒಂದೇ ದಿಕ್ಕಿಗೆ ಹರಿದಿಲ್ಲ. ಇಂಗ್ಲೆಂಡು 1989ರಲ್ಲಿ ತನ್ನ ಜಲಮಂಡಳಿಗಳನ್ನು ಖಾಸಗಿಯವರಿಗೆ ಮಾರಿತು. ಆ ಕಂಪನಿಗಳ ಸಾಲ ಮತ್ತು ಹೊಳೆಗಳಿಗೆ ಬಿಟ್ಟ ಕೊಳಚೆಯು ಅಲ್ಲಿ ದೊಡ್ಡ ವಿವಾದಗಳಾದವು. ಪ್ಯಾರಿಸ್ ನಗರವು ಬಹುಕಾಲ ಖಾಸಗಿ ಕಂಪನಿಗಳ ಕೈಯಲ್ಲಿದ್ದ ನೀರಿನ ಸರಬರಾಜನ್ನು 2010ರಲ್ಲಿ ತನ್ನ ಕೈಗೆ ಮರಳಿ ತೆಗೆದುಕೊಂಡಿತು.

ಈ ಎರಡರ ನಡುವೆ ಸಹಕಾರವೆಂಬ ಮೂರನೆಯ ಮಾರ್ಗವಿದೆ. ಅದರ ಬೇರು ಗದಗ ಸೀಮೆಯಲ್ಲಿಯೇ ಇದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹಳ್ಳಿಗರೇ ಸದಸ್ಯರಾಗಿ ವಿದ್ಯುತ್ತನ್ನು ಹಂಚಿಕೊಳ್ಳುವ ಅಪೂರ್ವ ಪ್ರಯೋಗ. ಇಲ್ಲಿ ಬಳಸುವವನೇ ಒಡೆಯ. ಆದರೂ ಸದಸ್ಯರು ಎಚ್ಚರವಾಗಿಲ್ಲದಿದ್ದರೆ ಸಂಘವೂ ಕೆಲವರ ಮನೆಯ ಸ್ವತ್ತಾಗುವ ಭಯವು ತಪ್ಪಿದ್ದಲ್ಲ.

ದಾನಿಗಳ ಪಾತ್ರವನ್ನೂ ಇಲ್ಲಿ ನೆನೆಯಬೇಕು. 2009ರ ಪ್ರವಾಹವು ಮಲಪ್ರಭೆಯ ದಂಡೆಯ ಹಳ್ಳಿಗಳನ್ನು ನುಂಗಿದಾಗ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಸರಕಾರವು ನೆಲ ಕೊಟ್ಟಿತು, ಮಠಗಳು, ಸಂಘಸಂಸ್ಥೆಗಳು, ಉದ್ಯಮಿಗಳು ಮನೆ ಕಟ್ಟಿಸಲು ಮುಂದಾದರು. ದಾನದಿಂದ ಗೋಡೆ ಎದ್ದೀತು. ಆದರೆ ಆ ಓಣಿಗೆ ಪ್ರತಿದಿನ ನೀರು ಬಿಡುವ ಹೊಣೆಯನ್ನು ದಾನಕ್ಕೆ ಹೊರಿಸಲಾಗದು. ಬೇಸಿಗೆಯ ಅರವಟ್ಟಿಗೆ ಪುಣ್ಯಕಾರ್ಯ. ಅದು ನಾಳೆ ಮುಚ್ಚಿದರೆ ಬಾಯಾರಿದವನು ಪ್ರಶ್ನಿಸಲಾರನು. ನಳದ ನೀರು ನಿಂತರೆ ಪ್ರಶ್ನಿಸುವ ಅಧಿಕಾರ ಅವನಿಗಿರಬೇಕು. ದಾನಕ್ಕೂ ಹಕ್ಕಿಗೂ ಇರುವ ಅಂತರವಿದು.

ಶ್ರೀಮಠಗಳ ವಿದ್ಯಾಸಂಸ್ಥೆಗಳು ಸ್ವತಃ ಈ ವಾದದ ನಡುವೆ ನಿಂತಿವೆ. ಭಕ್ತರು ಕೊಟ್ಟ ನೆಲ, ಮಠದ ಆಡಳಿತ, ಅನುದಾನವಿರುವೆಡೆ ಸರಕಾರದ ಸಂಬಳ ಇವು ಕೂಡಿದಾಗ ಶಾಲೆಯು ಪೂರ್ಣ ಸರಕಾರದ್ದೂ ಅಲ್ಲ, ಲಾಭದ ಅಂಗಡಿಯೂ ಅಲ್ಲ. ಅದನ್ನು ಈವರೆಗೆ ಕಾಪಾಡಿದ್ದು ಶರಣರು ಕಲಿಸಿದ ದಾಸೋಹಭಾವ. ದಾಸೋಹದಲ್ಲಿ ಸಂಪತ್ತು ಕೈಯಲ್ಲಿದ್ದವನು ಒಡೆಯನಲ್ಲ, ಸಮಾಜಕ್ಕೆ ಲೆಕ್ಕ ಒಪ್ಪಿಸಬೇಕಾದ ಸೇವಕ.

ಆದುದರಿಂದ ಒಡೆಯನಾರೆಂಬ ಪ್ರಶ್ನೆಯೊಡನೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಕೊಡಲಾರದ ಬಡವನಿಗೆ ಸೇವೆ ನಿಲ್ಲದಂತೆ ಕಟ್ಟುಪಾಡಿದೆಯೇ? ಕೆಟ್ಟದ್ದನ್ನು ದುರಸ್ತಿ ಮಾಡಲು ಹಣ ಮೊದಲೇ ಮೀಸಲಾಗಿದೆಯೇ? ಲೆಕ್ಕವನ್ನು ಊರಿನ ಮುಂದೆ ಓದುವ ದಿನ ನಿಶ್ಚಯವಾಗಿದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ದೊರೆಯುವಲ್ಲಿ ನಿರ್ವಹಣೆ ಯಾರದಾದರೂ ಸೇವೆ ಊರಿನದಾಗಿ ಉಳಿಯುತ್ತದೆ. ದೊರೆಯದಲ್ಲಿ ಸರಕಾರದ ಫಲಕವಿದ್ದರೂ ಅದು ಊರಿನದಲ್ಲ. ಶಾಲೆಯಿಂದ ಹೊರಬೀಳುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಪ್ರಶ್ನೆಗಳನ್ನು ಕೇಳುವಂತಾದರೆ ಗುರುಗಳ ಕಾಯಕವೂ ದಾನಿಗಳ ದಾಸೋಹವೂ ಸಾರ್ಥಕ.