ಹಬ್ಬದ ಲೋಟಕ್ಕೆ ಪುದೀನ ಹಸಿರು

ಪುದೀನ ಎಂದರೆ ನಮ್ಮ ಮನೆಗಳಲ್ಲಿ ಚಟ್ನಿ, ಪಲಾವು, ಹೆಚ್ಚೆಂದರೆ ಒಂದು ಲೋಟ ಮಸಾಲೆ ಮಜ್ಜಿಗೆ. ಈ ಸೊಪ್ಪನ್ನು ಹಾಲಿಗೆ ಹಾಕಿ, ಸಕ್ಕರೆ ಬೆರೆಸಿ ಕುಡಿಯುತ್ತಾರೆ ಎಂದರೆ ಅಜ್ಜಿಯರು ಮುಖ ಸಿಂಡರಿಸುವುದು ಸಹಜ. ಐಸ್‌ಕ್ರೀಮ್ ಅಂಗಡಿಯಲ್ಲಿ ಗಾಢ ಹಸಿರಿನ ಮಿಂಟ್ ಮಿಲ್ಕ್‌ಶೇಕ್ ಕುಡಿದು ಬಂದ ಮಕ್ಕಳು, ಹಬ್ಬದ ದಿನ ಮನೆಯಲ್ಲೂ ಅದನ್ನೇ ಮಾಡಿಕೊಡಿ ಎಂದು ಹಟ ಹಿಡಿಯುವುದೂ ಅಷ್ಟೇ ಸಹಜ. ಸೊಪ್ಪು ತಂದು, ಹಾಲಿನೊಡನೆ ಮಿಕ್ಸಿಗೆ ಹಾಕಿ ತಿರುಗಿಸಿದರೆ ಹಲವು ಬಾರಿ ಹೊರಬರುವುದು ಹಸಿರಲ್ಲ, ಮಾಸಲು ಬಣ್ಣದ ಕಹಿ ಹಾಲು. ಆಗ ಕಣ್ಣು ಹೋಗುವುದು ದಿನಸಿ ಅಂಗಡಿಯ ಹಸಿರು ಬಣ್ಣದ ಸೀಸೆಯ ಕಡೆಗೆ.

ಆ ಸೀಸೆ ಬೇಕಾಗಿಯೇ ಇಲ್ಲ. ಎಲೆಯ ಹಸಿರು ಏಕೆ ಕೆಡುತ್ತದೆ ಎಂಬುದು ತಿಳಿದರೆ ಅದನ್ನು ಉಳಿಸಿಕೊಳ್ಳುವ ಉಪಾಯವೂ ತಾನಾಗಿಯೇ ಹೊಳೆಯುತ್ತದೆ. ಹತ್ತನೆಯ ತರಗತಿಯವರೆಗಿನ ವಿಜ್ಞಾನ ಪಾಠಗಳಲ್ಲಿ ಬರುವ ಆಮ್ಲ, ಕಿಣ್ವ, ಗುಪ್ತೋಷ್ಣ ಎಲ್ಲವೂ ಈ ಒಂದು ಲೋಟದಲ್ಲಿವೆ.

ಬಣ್ಣ ಮೊದಲು, ಪುದೀನ ಆಮೇಲೆ

ಹಸಿರು ಮಿಲ್ಕ್‌ಶೇಕ್ ಹಬ್ಬದ ಪಾನೀಯವೆಂದು ಹೆಸರು ಮಾಡಿದ್ದು ಅಮೆರಿಕದಲ್ಲಿ. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಅವರ ಸ್ಮರಣೆಯ ದಿನ ಮಾರ್ಚ್ 17. ಮೂರೆಲೆಯ ಶಾಮ್‌ರಾಕ್ ಸೊಪ್ಪು ಆ ಹಬ್ಬದ ಗುರುತು. ಉಡುಪು, ತಿಂಡಿ, ಮೆರವಣಿಗೆ ಎಲ್ಲೆಲ್ಲೂ ಹಸಿರೇ ಹಸಿರು. ಈ ಹಬ್ಬಕ್ಕೆಂದು ಮೆಕ್‌ಡೊನಾಲ್ಡ್ಸ್ ಸಂಸ್ಥೆ 1970ರಲ್ಲಿ ‘ಶಾಮ್‌ರಾಕ್ ಶೇಕ್’ ಎಂಬ ಹಸಿರು ಪಾನೀಯವನ್ನು ಮಾರಾಟಕ್ಕೆ ತಂದಿತು. ಆಸ್ಪತ್ರೆ ಸೇರಿದ ಮಕ್ಕಳ ತಂದೆತಾಯಿಯರು ಉಳಿದುಕೊಳ್ಳಲೆಂದು ಫಿಲಡೆಲ್ಫಿಯಾದಲ್ಲಿ 1974ರಲ್ಲಿ ಒಂದು ಮನೆ ತೆರೆದಾಗ, ಅದಕ್ಕೆ ಬೇಕಾದ ಹಣದ ಒಂದು ಭಾಗ ಬಂದದ್ದು ಈ ಪಾನೀಯದ ಮಾರಾಟದಿಂದ.

ಸ್ವಾರಸ್ಯವೆಂದರೆ, ಮೊದಲ ವರ್ಷಗಳಲ್ಲಿ ಇದರಲ್ಲಿ ಪುದೀನದ ರುಚಿಯೇ ಇರಲಿಲ್ಲ. ಅದು ಸೇರಿದ್ದು 1983ರಲ್ಲಿ. ಅಂದರೆ ಬಣ್ಣ ಮೊದಲು ಬಂತು, ಪುದೀನ ಆಮೇಲೆ ಬಂತು! ನಾವು ಮನೆಯಲ್ಲಿ ಮಾಡುವಾಗ ಈ ಕ್ರಮವನ್ನು ತಿರುಗಿಸಬೇಕು. ಎಲೆ ಮೊದಲು; ಬಣ್ಣ ಎಲೆಯಿಂದಲೇ ಬರಲಿ. ಅಲ್ಲಿ ಆ ಹಬ್ಬ ನಡೆಯುವ ಕಾಲಕ್ಕೆ ನಮ್ಮಲ್ಲಿಯೂ ಯುಗಾದಿ, ರಾಮನವಮಿಗಳ ಸಡಗರ, ಜೊತೆಗೆ ಬೇಸಗೆಯ ಬಾಯಾರಿಕೆ. ಪಾನಕ, ಕೋಸಂಬರಿಗಳ ಪಕ್ಕದಲ್ಲಿ ಮಕ್ಕಳಿಗೆಂದು ಇದೂ ಒಂದು ಲೋಟ ಇರಲಿ.

ಬೇಕಾಗುವ ಸಾಮಾನು (4 ಲೋಟಕ್ಕೆ)

ಕಾಯಿಸಿ ಆರಿಸಿದ ಗಟ್ಟಿ ಹಾಲು 600 ಮಿಲಿಲೀಟರ್, ಕಡ್ಡಿ ಬಿಡಿಸಿದ ಎಳೆಯ ಪುದೀನ ಎಲೆ 40, ಪಾಲಕ್ ಎಲೆ 2, ಸಕ್ಕರೆ 8 ಟೀ ಚಮಚ, ಉಪ್ಪಿಲ್ಲದ ಪಿಸ್ತಾ 12, ವೆನಿಲಾ ಐಸ್‌ಕ್ರೀಮ್ 2 ಸೌಟು, ಕುಡಿಯುವ ನೀರಿನಿಂದ ಮಾಡಿದ ಐಸ್ ತುಂಡು 3 ಅಥವಾ 4. ಐಸ್‌ಕ್ರೀಮ್ ಇಲ್ಲದಿದ್ದರೂ ನಡೆಯುತ್ತದೆ. ಪಾನೀಯ ಸ್ವಲ್ಪ ತೆಳ್ಳಗಾಗುತ್ತದೆ, ಅಷ್ಟೆ.

ಮಾಡುವ ಬಗೆ

ಹಾಲನ್ನು ಹಿಂದಿನ ರಾತ್ರಿಯೇ ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿಡಿ. ಪಿಸ್ತಾವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಸಿಪ್ಪೆ ತೆಗೆಯಿರಿ. ಪುದೀನ, ಪಾಲಕ್ ಎಲೆಗಳನ್ನು ಮೂರು ನಾಲ್ಕು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯಿರಿ.

ಒಂದು ಪಾತ್ರೆಯಲ್ಲಿ ನೀರು ಕುದಿಯಲಿ. ಪಕ್ಕದಲ್ಲಿ ಇನ್ನೊಂದು ಪಾತ್ರೆಯಲ್ಲಿ ಐಸ್ ಹಾಕಿದ ಕುಡಿಯುವ ನೀರು ಸಿದ್ಧವಿರಲಿ. ಎಲೆಗಳನ್ನು ಕುದಿಯುವ ನೀರಿಗೆ ಹಾಕಿ, ಒಂದರಿಂದ ಹದಿನೈದರವರೆಗೆ ನಿಧಾನವಾಗಿ ಎಣಿಸಿ, ಜಾಲರಿ ಸೌಟಿನಿಂದ ತೆಗೆದು ತಕ್ಷಣ ತಣ್ಣೀರಿಗೆ ಹಾಕಿ. ಎಣಿಸುವ ಕೆಲಸ ಮಕ್ಕಳದು, ಒಲೆಯ ಮುಂದಿನ ಕೆಲಸ ದೊಡ್ಡವರದು.

ತಣ್ಣಗಾದ ಎಲೆಯನ್ನು ಹಿಂಡಿ, ಪಿಸ್ತಾ, ಸಕ್ಕರೆ ಮತ್ತು ಕಾಲು ಲೋಟ ತಣ್ಣನೆಯ ಹಾಲಿನೊಡನೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ನಾರು ಬೇಡವೆನಿಸಿದರೆ ಜಾಲರಿಯಲ್ಲಿ ಸೋಸಿ. ಆಮೇಲೆ ಉಳಿದ ಹಾಲು, ಐಸ್‌ಕ್ರೀಮ್, ಐಸ್ ಸೇರಿಸಿ ಅರ್ಧ ನಿಮಿಷ ಮಾತ್ರ ತಿರುಗಿಸಿ. ಲೋಟಕ್ಕೆ ಸುರಿದು, ಮೇಲೊಂದು ಪುದೀನ ಕುಡಿ ಇಟ್ಟು ಕೂಡಲೇ ಕೊಡಿ.

ಇಷ್ಟಕ್ಕೂ ಬರುವುದು ಅಂಗಡಿಯ ಗಾಢ ಹಸಿರಲ್ಲ. ಎಳೆ ಬಾಳೆಸುಳಿಯ ತಿಳಿಹಸಿರು. ಎಲೆಯ ನಿಜವಾದ ಬಣ್ಣ ಹಾಲಿನಲ್ಲಿ ಕಾಣುವುದೇ ಹೀಗೆ.

ಹಸಿರು ಕೆಡುವುದೇಕೆ?

ಎಲೆಗೆ ಹಸಿರು ಕೊಡುವ ವಸ್ತು ಪತ್ರಹರಿತ್ತು. ಇದರ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕುಳಿತಿರುತ್ತದೆ. ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ ತಗುಲಿದರೆ ಆ ಮೆಗ್ನೀಸಿಯಂ ಜಾಗ ಬಿಟ್ಟು ಹೋಗಿ, ಅಲ್ಲಿಗೆ ಹೈಡ್ರೋಜನ್ ಬರುತ್ತದೆ. ಆಗ ಉಂಟಾಗುವ ವಸ್ತುವಿನ ಬಣ್ಣ ಹಸಿರಲ್ಲ, ಕಂದು ಬೆರೆತ ಮಾಸಲು. ಹುಣಿಸೆಹುಳಿ ಹಾಕಿ ಬೇಯಿಸಿದ ಸೊಪ್ಪಿನ ಬಣ್ಣ ಬದಲಾಗುವುದೂ ಇದರಿಂದಲೇ.

ಇನ್ನೊಂದು ಕಾರಣ ಕಿಣ್ವ. ಹೆಚ್ಚಿಟ್ಟ ಬದನೆಕಾಯಿ, ಸೇಬು ಕಪ್ಪಾಗುವುದನ್ನು ಎಲ್ಲರೂ ನೋಡಿದ್ದಾರೆ. ಎಲೆಯನ್ನು ಹಸಿಯಾಗಿ ರುಬ್ಬಿದಾಗ ಜೀವಕೋಶಗಳು ಒಡೆದು, ಒಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದ ನೆರವಿನಿಂದ ಅದೇ ಕೆಲಸವನ್ನು ಮಾಡುತ್ತವೆ. ಕುದಿಯುವ ನೀರಿನ ಹದಿನೈದು ಎಣಿಕೆ ಈ ಕಿಣ್ವಗಳ ಶಕ್ತಿಯನ್ನು ಅಡಗಿಸುತ್ತದೆ. ಎಲೆಯೊಳಗಿನ ಗಾಳಿಯೂ ಹೊರಹೋಗುವುದರಿಂದ ಹಸಿರು ಇನ್ನಷ್ಟು ಹೊಳೆಯುತ್ತದೆ. ಹಾಗೆಂದು ಐದು ನಿಮಿಷ ಕುದಿಸಿದರೆ ಎಲೆಯೊಳಗಿನ ಹುಳಿಯೇ ಹೊರಬಂದು ಪತ್ರಹರಿತ್ತನ್ನು ಕೆಡಿಸುತ್ತದೆ. ಬೇಯುವುದನ್ನು ತಟ್ಟನೆ ನಿಲ್ಲಿಸಲೆಂದೇ ಐಸ್ ನೀರು.

ಪಾಲಕ್ ಎಲೆ ಸೇರಿಸುವುದು ಬಣ್ಣಕ್ಕಾಗಿ. ಎರಡೇ ಎಲೆಯಾದ್ದರಿಂದ ರುಚಿ ಗೊತ್ತಾಗದು. ಪಿಸ್ತಾದ ಹಸಿರೂ ಪತ್ರಹರಿತ್ತೇ ಎಂಬುದು ಮಕ್ಕಳಿಗೆ ಹೇಳಬಹುದಾದ ಒಂದು ಸೋಜಿಗದ ಸಂಗತಿ.

ಹಾಲಿಗೆ ಹುಳಿ ಬೇಡ

ಪುದೀನ ಪಾನಕಕ್ಕೆ ನಿಂಬೆರಸ ಹಿಂಡುವ ರೂಢಿಯಿದೆ. ಹಾಲಿನ ಪಾನೀಯಕ್ಕೆ ಅದು ಸಲ್ಲದು. ಹಾಲಿನ ಮುಖ್ಯ ಪ್ರೋಟೀನು ಕೇಸೀನ್. ತಾಜಾ ಹಾಲಿನ ಪಿಎಚ್ ಸುಮಾರು 6.7. ಹುಳಿ ಸೇರಿ ಅದು 4.6ರ ಹತ್ತಿರಕ್ಕೆ ಇಳಿದರೆ ಕೇಸೀನ್ ಗಂಟುಕಟ್ಟಿ ಹಾಲು ಒಡೆಯುತ್ತದೆ. ಹಾಲಿಗೆ ಹುಳಿ ಸೇರಿಸಬೇಡ ಎಂಬ ಹಿರಿಯರ ಮಾತು ಈ ಲೋಟದ ಮಟ್ಟಿಗೆ ರಸಾಯನಶಾಸ್ತ್ರದ ಮಾತೂ ಹೌದು. ಅನಾನಸ್ ಹಣ್ಣನ್ನೂ ಹಸಿಯಾಗಿ ಸೇರಿಸಬೇಡಿ. ಅದರಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಹುಟ್ಟಿಸುತ್ತದೆ.

ಇನ್ನು ಗಟ್ಟಿ ಹಾಲೇ ಏಕೆ? ಪುದೀನದ ಪರಿಮಳ ತೈಲರೂಪದ್ದು. ಅದು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ‘ಫುಲ್ ಕ್ರೀಮ್’ ಎಂದು ಬರೆದಿರುವ ಹಾಲಿನಲ್ಲಿ ನೂರಕ್ಕೆ 6ರಷ್ಟಾದರೂ ಕೊಬ್ಬು ಇರಬೇಕೆಂಬುದು ನಿಯಮ. ‘ಟೋನ್ಡ್’ ಹಾಲಿನಲ್ಲಿ ಅದು 3. ಪರಿಮಳ ಬಾಯಲ್ಲಿ ನಿಲ್ಲಬೇಕೆಂದರೆ ಮೊದಲನೆಯದು ಲೇಸು. ಬೊಜ್ಜಿನ ಚಿಂತೆ ಇರುವವರು ಎರಡನೆಯದನ್ನು ಬಳಸಿದರೆ ನಷ್ಟವೇನಿಲ್ಲ.

ತಂಪೇ, ತಂಪಿನ ಭ್ರಮೆಯೇ?

ಪೆಪ್ಪರ್‌ಮೆಂಟ್ ಚೀಪಿ ಒಂದು ಗುಟುಕು ನೀರು ಕುಡಿದರೆ ಬಾಯೆಲ್ಲ ಹಿಮವಾದಂತೆ ಅನ್ನಿಸುತ್ತದೆ. ಆದರೆ ಥರ್ಮಾಮೀಟರು ಇಟ್ಟು ನೋಡಿದರೆ ನೀರಿನ ಉಷ್ಣತೆ ಇದ್ದಷ್ಟೇ ಇರುತ್ತದೆ. ಹಾಗಿದ್ದರೆ ಈ ತಂಪು ಎಲ್ಲಿಂದ ಬಂತು?

ನಮ್ಮ ನಾಲಿಗೆ, ಚರ್ಮದ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಪುಟ್ಟ ಬಾಗಿಲುಗಳಂತಹ ಪ್ರೋಟೀನುಗಳಿವೆ. ಅವುಗಳಲ್ಲೊಂದರ ಹೆಸರು ಟಿಆರ್‌ಪಿಎಂ8. ಸಾಮಾನ್ಯವಾಗಿ ತಂಪು ತಾಗಿದಾಗ ತೆರೆದುಕೊಳ್ಳುವ ಈ ಬಾಗಿಲನ್ನು ಮೆಂಥಾಲ್ ತಂಪಿಲ್ಲದೆಯೇ ತೆರೆಯಬಲ್ಲದು. ಮಿದುಳಿಗೆ ಹೋಗುವ ಸುದ್ದಿ ಮಾತ್ರ ಒಂದೇ: ತಣ್ಣಗಿದೆ! ಮೆಂಥಾಲನ್ನೇ ಬಳಸಿ ಈ ಪ್ರೋಟೀನನ್ನು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ತಂಡಗಳು 2002ರಲ್ಲಿ ಬೇರೆ ಬೇರೆಯಾಗಿ ಗುರುತಿಸಿದವು. ಶಾಖ ಮತ್ತು ಸ್ಪರ್ಶದ ಅರಿವಿನ ಕುರಿತ ಸಂಶೋಧನೆಗಳಿಗಾಗಿ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಇವರಿಬ್ಬರಿಗೆ ಸಂದಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೆಂಥಾಲ್ ಹೇರಳವಾಗಿರುವುದು ಪೆಪ್ಪರ್‌ಮಿಂಟ್ ಗಿಡದಲ್ಲಿ ಮತ್ತು ಉತ್ತರ ಪ್ರದೇಶದ ಬಾರಾಬಂಕಿ ಸುತ್ತಮುತ್ತ ತೈಲಕ್ಕಾಗಿ ಬೆಳೆಯುವ ಮೆಂಥಾ ಜಾತಿಯಲ್ಲಿ. ಅಡುಗೆಯ ಪುದೀನದಲ್ಲಿ ಸಾಮಾನ್ಯವಾದದ್ದು ಮೆಂಥಾ ಸ್ಪೈಕೇಟಾ. ಅದರ ಪರಿಮಳದ ಜೀವಾಳ ಕಾರ್ವೋನ್. ಮೆಂಥಾಲ್ ಅದರಲ್ಲಿ ಅತ್ಯಲ್ಪ. ಕಾರ್ವೋನ್‌ನದು ಇನ್ನೊಂದು ಕೌತುಕ. ಎಡಗೈ ಬಲಗೈಗಳಂತೆ ಇದರ ಅಣುವಿಗೆ ಎರಡು ರೂಪಗಳಿವೆ. ಒಂದು ಪುದೀನದ ವಾಸನೆ ಕೊಟ್ಟರೆ, ಅದರ ಕನ್ನಡಿ ಬಿಂಬದಂತಿರುವ ಇನ್ನೊಂದು ಸಬ್ಬಸಿಗೆ ಬೀಜದಲ್ಲಿದೆ. ಪರಮಾಣುಗಳು ಅವೇ, ಜೋಡಣೆಯ ದಿಕ್ಕು ಮಾತ್ರ ಬೇರೆ. ಮೂಗು ಆ ವ್ಯತ್ಯಾಸವನ್ನು ಹಿಡಿಯುತ್ತದೆ.

ಆದ್ದರಿಂದ ಮನೆಯ ಪಾನೀಯದಲ್ಲಿ ಪರಿಮಳ ಎಲೆಯದು, ತಂಪು ಬಹುಪಾಲು ಐಸಿನದು. ‘ಇನ್ನಷ್ಟು ತಂಪಾಗಲಿ’ ಎಂದು ಮೆಂಥಾಲ್ ಹರಳನ್ನೋ ಪುದೀನ ಎಣ್ಣೆಯನ್ನೋ ಸೇರಿಸಲೇಬಾರದು. ಅವು ಅತಿ ಸಾಂದ್ರ ವಸ್ತುಗಳು. ಎಳೆಯ ಮಕ್ಕಳಿಗೆ ಉಸಿರಾಟದ ತೊಂದರೆಯನ್ನೂ ಉಂಟುಮಾಡಬಲ್ಲವು.

ಐಸಿನ ಲೆಕ್ಕ

ಹಾಲನ್ನು ಮೊದಲೇ ಫ್ರಿಜ್‌ನಲ್ಲಿಡಿ ಎಂದದ್ದೇಕೆ? ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿಯಲಿ. ಹಾಲು 600 ಗ್ರಾಂ, ಅದರ ವಿಶಿಷ್ಟೋಷ್ಣ 0.93 ಎಂದಿಟ್ಟುಕೊಳ್ಳೋಣ. ಹೊರಗಿಟ್ಟ 28 ಡಿಗ್ರಿಯ ಹಾಲನ್ನು 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಉಷ್ಣ 600 × 24 × 0.93, ಅಂದರೆ ಸುಮಾರು 13,400 ಕ್ಯಾಲೊರಿ. ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ, ಕರಗಿದ ನೀರು 4 ಡಿಗ್ರಿಗೆ ಏರಲು 4 ಕ್ಯಾಲೊರಿ, ಒಟ್ಟು 84 ಕ್ಯಾಲೊರಿ ಹೀರುತ್ತದೆ. ಭಾಗಿಸಿದರೆ ಬೇಕಾದ ಐಸ್ ಸುಮಾರು 160 ಗ್ರಾಂ. ಅಷ್ಟೂ ನೀರಾಗಿ ಹಾಲಿಗೆ ಸೇರುತ್ತದೆ. ಲೋಟದ ಐದನೆಯ ಒಂದು ಪಾಲು ಬರೀ ನೀರು!

ಅದೇ ಹಾಲು ಫ್ರಿಜ್‌ನಲ್ಲಿದ್ದು 8 ಡಿಗ್ರಿಗೆ ಇಳಿದಿದ್ದರೆ ಸಾಕಾಗುವ ಐಸ್ ಸುಮಾರು 27 ಗ್ರಾಂ. ಗಟ್ಟಿತನ ಉಳಿಯಿತು, ರುಚಿಯೂ ಉಳಿಯಿತು. ತಣ್ಣನೆಯ ಹಾಲಿನಲ್ಲಿ ನೊರೆಯೂ ಚೆನ್ನಾಗಿ ನಿಲ್ಲುತ್ತದೆ. ಮಿಕ್ಸಿಯ ಅಲಗು ಒಳಕ್ಕೆ ತಳ್ಳಿದ ಗಾಳಿಗುಳ್ಳೆಗಳ ಸುತ್ತ ಹಾಲಿನ ಪ್ರೋಟೀನು ತೆಳುಪೊರೆ ಕಟ್ಟುವುದೇ ನೊರೆಯ ಗುಟ್ಟು.

ಸಕ್ಕರೆಯ ವಿಷಯದಲ್ಲಿ ನಾಲಿಗೆಯನ್ನು ಪೂರ್ತಿ ನಂಬಬೇಡಿ. ತೀರಾ ತಣ್ಣಗಿರುವಾಗ ಸಿಹಿ ಕಡಿಮೆ ಅನ್ನಿಸುತ್ತದೆ. ಕರಗಿದ ಐಸ್‌ಕ್ರೀಮ್ ಅತಿ ಸಿಹಿಯಾಗಿ ತೋರುವುದು ಇದಕ್ಕೇ. ಮೇಲಿನ ಲೆಕ್ಕದಲ್ಲಿ ಒಂದು ಲೋಟಕ್ಕೆ ಸುಮಾರು 10 ಗ್ರಾಂ ಸಕ್ಕರೆ ಬೀಳುತ್ತದೆ, ಐಸ್‌ಕ್ರೀಮಿನದು ಬೇರೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ದಾಟದಿದ್ದರೆ ದೊಡ್ಡವರಿಗೂ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಸಾರ. ಹಬ್ಬದ ದಿನ ಹೋಳಿಗೆಯೂ ಇರುತ್ತದೆಂಬುದನ್ನು ಮರೆಯಬಾರದು.

ಸೀಸೆಯ ಹಸಿರು

ನಮ್ಮ ದೇಶದಲ್ಲಿ ಕೆಲವು ನಿರ್ದಿಷ್ಟ ತಿನಿಸುಗಳಿಗೆ ಮಾತ್ರ, ನಿಗದಿತ ಮಿತಿಯೊಳಗೆ, ಕೆಲವೇ ಕೃತಕ ಬಣ್ಣಗಳನ್ನು ಬಳಸಲು ಅವಕಾಶವಿದೆ. ಕಾರ್ಖಾನೆಯಲ್ಲಿ ಇದನ್ನು ತೂಗಿ ಹಾಕುತ್ತಾರೆ. ಮನೆಯಲ್ಲಿ ಸೀಸೆ ಬಗ್ಗಿಸುವಾಗ ತೂಗುವವರು ಯಾರು? ಬಣ್ಣ ಸಾಲದೆಂದು ಇನ್ನೆರಡು ತೊಟ್ಟು ಬೀಳುವುದೇ ಹೆಚ್ಚು. ಹೆಸರು ಚೀಟಿಯಿಲ್ಲದ ಪೊಟ್ಟಣದ ಪುಡಿಯಂತೂ ಇನ್ನೂ ಅಪಾಯ. ಬಟ್ಟೆಗೆ ಹಾಕುವ ಮ್ಯಾಲಕೈಟ್ ಗ್ರೀನ್‌ನಂತಹ ಬಣ್ಣಗಳು ಆಹಾರಕ್ಕೆ ನಿಷಿದ್ಧ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು, ಪರೀಕ್ಷಿಸಿದ ಮಾದರಿಗಳಲ್ಲಿ ರೋಡಮಿನ್-ಬಿಯಂತಹ ಬಣ್ಣಗಳು ಕಂಡುಬಂದ ಮೇಲೆ. ಮಕ್ಕಳ ಕಣ್ಣು ಗಾಢ ಬಣ್ಣಕ್ಕೇ ಒಗ್ಗಿಹೋದರೆ, ನಿಜವಾದ ತಿಳಿಹಸಿರು ಅವರಿಗೆ ಸಪ್ಪೆಯಾಗಿ ಕಾಣುತ್ತದೆ. ನಿಜವಾದ ನಷ್ಟ ಅಲ್ಲಿಂದಲೇ ಆರಂಭ.

ಮನೆಯಲ್ಲೊಂದು ಪ್ರಯೋಗ

ಮೂರು ಚಿಕ್ಕ ಪಾತ್ರೆಗಳಲ್ಲಿ ಒಂದೊಂದು ಲೋಟ ನೀರು ಹಾಕಿ. ಮೊದಲನೆಯದಕ್ಕೆ ಒಂದು ಚಮಚ ನಿಂಬೆರಸ, ಎರಡನೆಯದಕ್ಕೆ ಏನೂ ಇಲ್ಲ, ಮೂರನೆಯದಕ್ಕೆ ಒಂದು ಚಿಟಿಕೆ ಅಡುಗೆ ಸೋಡ. ಮೂರಕ್ಕೂ ಐದೈದು ಪುದೀನ ಎಲೆ ಹಾಕಿ, ದೊಡ್ಡವರ ಎದುರಿನಲ್ಲಿ ಐದು ನಿಮಿಷ ಕುದಿಸಿ, ಎಲೆಗಳನ್ನು ಬಿಳಿ ತಟ್ಟೆಯಲ್ಲಿ ಸಾಲಾಗಿ ಇಡಿ. ನಿಂಬೆರಸದ ಎಲೆ ಕಂದಿರುತ್ತದೆ, ಸೋಡದ ಎಲೆ ಹಸಿರಾಗಿಯೇ ಇರುತ್ತದೆ. ಹಾಗಾದರೆ ಹಾಲಿಗೂ ಸೋಡ ಹಾಕಬಹುದಲ್ಲ ಎಂದು ಜಾಣ ಮಕ್ಕಳು ಕೇಳಿಯಾರು. ಆ ಎಲೆಯನ್ನು ಬೆರಳಲ್ಲಿ ಒತ್ತಿ ನೋಡಲಿ: ಲೋಳೆಯಾಗಿ ಹಿಸುಕಿಹೋಗುತ್ತದೆ. ರುಚಿಯೂ ಕೆಡುತ್ತದೆ, ಕೆಲವು ಜೀವಸತ್ವಗಳೂ ನಾಶವಾಗುತ್ತವೆ.

ಹಾಲು ಒಗ್ಗದವರಿಗೆ ಮತ್ತು ವರ್ಷ ತುಂಬದ ಕೂಸುಗಳಿಗೆ ಈ ಪಾನೀಯ ಬೇಡ. ಪಿಸ್ತಾ ಒಗ್ಗದ ಮಕ್ಕಳಿದ್ದರೆ ಅದನ್ನು ಬಿಡಿ. ಮಾಡಿದ್ದನ್ನು ಸಂಜೆಯವರೆಗೆ ಹೊರಗಿಡಬೇಡಿ.

ಹಬ್ಬದ ದಿನ ಲೋಟ ಕೈಗೆ ಬಂದಾಗ ಮಕ್ಕಳು, ‘ಅಂಗಡಿಯಷ್ಟು ಹಸಿರಿಲ್ಲವಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರವಾಗಿ ಆ ಬಿಳಿ ತಟ್ಟೆಯ ಮೂರು ಸಾಲು ಎಲೆಗಳನ್ನು ತೋರಿಸಿದರೆ ಸಾಕು.